ನಾಲ್ಕು ಯೂರೋದ ನಿಲ್ಲುವ ಜಾಗ

ವಿದೇಶಕ್ಕೆ ಹೋಗಿ ಬಂದವರ ಫೋಟೋಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರುತ್ತವೆ. ಸಿಡ್ನಿಯ ಒಪೇರಾ ಹೌಸಿನ ಮೆಟ್ಟಿಲ ಮೇಲೆ ಗಂಡ ಹೆಂಡತಿ, ಹಿಂದೆ ಬಿಳಿ ಚಿಪ್ಪುಗಳು. ಪ್ಯಾರಿಸ್ಸಿನ ಒಪೇರಾ ಎದುರು ಮಗಳು ಅಳಿಯ, ಹಿಂದೆ ಚಿನ್ನದ ಬಣ್ಣದ ಪ್ರತಿಮೆಗಳು. ಕಳಿಸಿದವರನ್ನು "ಒಳಗೆ ಏನು ನೋಡಿದಿರಿ?" ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಮಂದಿ "ಒಳಗೆ ಹೋಗಲಿಲ್ಲ, ಟೈಮ್ ಇರಲಿಲ್ಲ" ಎನ್ನುತ್ತಾರೆ. ಹತ್ತನೆಯವರು "ಗೈಡೆಡ್ ಟೂರ್ ಮಾಡಿದೆವು, ಚೆನ್ನಾಗಿದೆ" ಎನ್ನುತ್ತಾರೆ. ಆಟ ನೋಡಿದವರು ಸಿಗುವುದಿಲ್ಲ.

ಇದನ್ನು ದೂರಿನಂತೆ ಹೇಳುತ್ತಿಲ್ಲ. 2017ರವರೆಗೆ ನಾನೂ ಆ ಒಂಬತ್ತರಲ್ಲಿ ಒಬ್ಬ. ನಾಟಕಶಾಲೆಯನ್ನು ಹಗಲಲ್ಲಿ ನೋಡಿ ಬರುವುದೆಂದರೆ ಊಟದ ಹೊತ್ತಿಲ್ಲದಾಗ ಅಡುಗೆಮನೆ ನೋಡಿ ಬಂದಂತೆ. ಒಲೆ ಕಾಣುತ್ತದೆ, ಪಾತ್ರೆ ಕಾಣುತ್ತದೆ, ಗೋಡೆಯ ಮೇಲಿನ ಒಗ್ಗರಣೆಯ ಕಲೆಯೂ ಕಾಣುತ್ತದೆ. ಹೊಟ್ಟೆ ಮಾತ್ರ ಖಾಲಿ. ಇದು ನನಗೆ ಅರ್ಥವಾದದ್ದು ಆ ವರ್ಷ ವಿಯೆನ್ನಾದಲ್ಲಿ. ಅದರ ಜೊತೆಗೆ ಇನ್ನೊಂದು ವಿಷಯವೂ ಅರ್ಥವಾಯಿತು, ಅದು ಪುಣೆಯಲ್ಲಿರುವ ನನ್ನದೇ ನಡತೆಗೆ ಸಂಬಂಧಿಸಿದ್ದು. ಎರಡನ್ನೂ ಹೇಳುತ್ತೇನೆ.

ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದ. ನಾನು, ನನ್ನ ಹೆಂಡತಿ ಅವನಲ್ಲಿಗೆ ಹೋಗಿದ್ದೆವು. ಅಲ್ಲಿಂದ ವಿಯೆನ್ನಾಗೆ ರೈಲಿನಲ್ಲಿ ನಾಲ್ಕು ಗಂಟೆ. ಎರಡು ದಿನಕ್ಕೆ ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಸ್ಟೇಟ್ ಒಪೇರಾ ಮೂರನೆಯದು, "40 ನಿಮಿಷ" ಎಂದು ನಾನೇ ಪಕ್ಕದಲ್ಲಿ ಬರೆದಿದ್ದೆ.

ಟೂರ್ ಚೆನ್ನಾಗಿಯೇ ಇತ್ತು. ಆ ಕಟ್ಟಡದ ಕಥೆಯೇ ಒಂದು ನಾಟಕ. ವಿಯೆನ್ನಾದ ಹಳೆಯ ಕೋಟೆಗೋಡೆ ಕೆಡವಿ ರಿಂಗ್ ರಸ್ತೆ ಮಾಡಿದಾಗ ಅದರ ಮೇಲೆ ಎದ್ದ ಮೊದಲ ದೊಡ್ಡ ಕಟ್ಟಡಗಳಲ್ಲಿ ಇದೊಂದು. ವಿನ್ಯಾಸ ಮಾಡಿದವರು ಇಬ್ಬರು, ವಾನ್ ಡೆರ್ ನ್ಯೂಲ್ ಮತ್ತು ಸಿಕಾರ್ಡ್ಸ್‌ಬುರ್ಗ್. ಕೆಲಸ ನಡೆಯುತ್ತಿರುವಾಗಲೇ ಮುಂದಿನ ರಸ್ತೆಯ ಮಟ್ಟವನ್ನು ಸುಮಾರು ಒಂದು ಮೀಟರ್ ಏರಿಸಿದರು. ಕಟ್ಟಡ ಕುಳ್ಳಗೆ ಕಂಡಿತು. 'ಮುಳುಗಿದ ಪೆಟ್ಟಿಗೆ' ಎಂದು ಊರೆಲ್ಲ ನಕ್ಕಿತು. ವಾನ್ ಡೆರ್ ನ್ಯೂಲ್ 1868ರಲ್ಲಿ ನೇಣು ಹಾಕಿಕೊಂಡರು. ಹತ್ತು ವಾರದ ನಂತರ ಸಿಕಾರ್ಡ್ಸ್‌ಬುರ್ಗ್ ಕಾಯಿಲೆಯಿಂದ ತೀರಿಕೊಂಡರು. 1869ರ ಮೇ 25ರಂದು ಮೊಜಾರ್ಟ್‌ನ 'ಡಾನ್ ಜಿಯೊವಾನಿ'ಯಿಂದ ಬಾಗಿಲು ತೆರೆದಾಗ ಕಟ್ಟಿದ ಇಬ್ಬರೂ ಇರಲಿಲ್ಲ.

1945ರ ಮಾರ್ಚ್ 12ರಂದು ಬಾಂಬು ಬಿದ್ದು ಪ್ರೇಕ್ಷಕರ ಸಭಾಂಗಣ, ರಂಗ ಎರಡೂ ಸುಟ್ಟುಹೋದವು. ಮುಂಭಾಗ, ದೊಡ್ಡ ಮೆಟ್ಟಿಲು, ಮೇಲಿನ ಪಡಸಾಲೆ ಉಳಿದವು. ಒಪೇರಾ ಮಂಡಳಿ ಹತ್ತು ವರ್ಷ ಬೇರೆ ರಂಗಮಂದಿರಗಳಲ್ಲಿ ಹಾಡಿಕೊಂಡೇ ಇತ್ತು. 1955ರ ನವೆಂಬರ್ 5ರಂದು ಮತ್ತೆ ತೆರೆದಾಗ ಆಡಿದ್ದು ಬೀಥೋವನ್‌ನ 'ಫಿಡೆಲಿಯೋ', ಸೆರೆಮನೆಯಿಂದ ಗಂಡನನ್ನು ಬಿಡಿಸಿಕೊಳ್ಳುವ ಹೆಣ್ಣಿನ ಕಥೆ. ನಾಲ್ಕು ದೇಶಗಳ ಸೈನ್ಯ ಆಸ್ಟ್ರಿಯಾ ಬಿಟ್ಟು ಹೋಗಿ ಕೆಲವೇ ದಿನಗಳಾಗಿದ್ದವು.

ಇಷ್ಟನ್ನೂ ತಿಳಿದುಕೊಂಡು ಹೊರಗೆ ಬಂದೆವು. ಫೋಟೋ ಆಯಿತು, ಪಟ್ಟಿಯಲ್ಲಿ ಗೆರೆ ಎಳೆದೆ. ಆಗ ಮಗ ಹೇಳಿದ: "ಅಪ್ಪಾ, ರಾತ್ರಿ ಇಲ್ಲಿ 'ಟೋಸ್ಕಾ' ಅದ. ನಿಂತು ನೋಡೋದಾದ್ರ ಬರೇ ನಾಲ್ಕು ಯೂರೋ ಅಂತ."

ನಾವು ಆಗಷ್ಟೇ ಟೂರಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಅಂದಿನ ಲೆಕ್ಕದಲ್ಲಿ ಮುನ್ನೂರು ರೂಪಾಯಿ. ಅದೇ ಆಟದ ಒಳ್ಳೆಯ ಕುರ್ಚಿಗೆ ಇನ್ನೂರು ಯೂರೋ ದಾಟುತ್ತದೆ.

"ರೊಕ್ಕಾ ಕೊಟ್ಟು ನಿಂದರೋದೇನು?" ಎಂದೆ. ಅರವತ್ತಕ್ಕೆ ಹತ್ತಿರದ ಮೊಣಕಾಲು ನನ್ನದು.

ಹೆಂಡತಿ ನನ್ನ ಮುಖ ನೋಡಿದಳು. "ಸವಾಯಿಗೆ ಹೋದಾಗ ಇಡೀ ಸಂಜಿ ನೆಲದ ಮ್ಯಾಲೆ ಕೂಡೂದಿಲ್ಲೇನ್ರಿ ನೀವು? ಅಲ್ಲಿ ಮೊಣಕಾಲು ಎಲ್ಲಿ ಇರ್ತಾವ?"

ಉತ್ತರ ಇರಲಿಲ್ಲ. ಬದಿಯ ಬಾಗಿಲಿಗೆ ಹೋಗಿ ಸಾಲಿನಲ್ಲಿ ನಿಂತೆವು. ಆಗ ಆಟ ಶುರುವಾಗುವ 80 ನಿಮಿಷ ಮೊದಲು ಕೌಂಟರ್ ತೆರೆಯುತ್ತಿತ್ತು, ಒಬ್ಬರಿಗೆ ಒಂದೇ ಟಿಕೆಟ್ ಕೊಡುತ್ತಿದ್ದರು. ಸಾಲಿನಲ್ಲಿ ವಿದ್ಯಾರ್ಥಿಗಳು, ನಮ್ಮಂಥ ಪ್ರವಾಸಿಗಳು, ಮಡಚುವ ಸಣ್ಣ ಸ್ಟೂಲು ತಂದ ಮುದುಕರು. ಆ ಸ್ಟೂಲಿನವರೇ ಖಾಯಂ ಗಿರಾಕಿಗಳು ಎಂಬುದು ನೋಡಿದರೆ ತಿಳಿಯುತ್ತಿತ್ತು.

ಒಳಗೆ ಹೋದ ಮೇಲೆ ನಾನು ಕಂಡದ್ದನ್ನು ಸಾವಕಾಶ ಹೇಳಬೇಕು, ಈ ಬರಹಕ್ಕೆ ಕಾರಣ ಅದೇ.

ಕಡಿಮೆ ದುಡ್ಡಿನವರನ್ನು ನಿಲ್ಲಿಸುವುದೆಂದರೆ ಕಂಬದ ಮರೆಯಲ್ಲೋ ಬಾಗಿಲ ಸಂದಿಯಲ್ಲೋ ಎಂದುಕೊಂಡಿದ್ದೆ. ಮೇಲಿನ ಅಂತಸ್ತುಗಳಲ್ಲೂ ನಿಲ್ಲುವ ಜಾಗಗಳಿವೆ. ಆದರೆ ನಮ್ಮ ಜಾಗ ಕೆಳಗೆ, ಕುರ್ಚಿಗಳ ಸಾಲು ಮುಗಿಯುವಲ್ಲಿ, ರಂಗಕ್ಕೆ ನೇರ ಎದುರು, ನಟ್ಟನಡುವೆ. ಇಳಿಜಾರಿನ ಮೆಟ್ಟಿಲುಗಳು, ಒರಗಿಕೊಳ್ಳಲು ಕಂಬಿ. ಕಂಬಿಯ ಮೇಲೆ ಹಾಡಿನ ಅರ್ಥ ತೋರಿಸುವ ಪುಟ್ಟ ಪರದೆ, ಇಂಗ್ಲಿಷ್ ಬೇಕಾದರೆ ಇಂಗ್ಲಿಷ್. ತಲೆಯೆತ್ತಿ ನೋಡಿದರೆ ನಮ್ಮ ನೆತ್ತಿಯ ಮೇಲೆಯೇ ನಡುವಿನ ದೊಡ್ಡ ಬಾಕ್ಸ್. ಅದು ಒಂದು ಕಾಲದಲ್ಲಿ ಚಕ್ರವರ್ತಿಗೆ ಮೀಸಲಾಗಿದ್ದ ಜಾಗ. ಅಂದರೆ ಚಕ್ರವರ್ತಿ ಎಲ್ಲಿಂದ ನೋಡುತ್ತಿದ್ದನೋ ಅದರ ಕೆಳಗೆ, ಅದೇ ನೇರದಲ್ಲಿ, ನಾಲ್ಕು ಯೂರೋ ಕೊಟ್ಟ ನಾನು.

ಆಗ ಆ ರಂಗಮಂದಿರದಲ್ಲಿ 1,709 ಕುರ್ಚಿ, 567 ನಿಲ್ಲುವ ಜಾಗ. ಪ್ರೇಕ್ಷಕರಲ್ಲಿ ನಾಲ್ಕನೇ ಒಂದು ಪಾಲು ನಿಂತವರು. ಈಚೆಗೆ ದರ ಏರಿದೆ, ಜಾಗಗಳನ್ನೂ ಕಡಿಮೆ ಮಾಡಿದ್ದಾರೆ. ಆದರೂ ನಿಲ್ಲುವ ಟಿಕೆಟ್ಟಿಗೂ ಒಳ್ಳೆಯ ಕುರ್ಚಿಗೂ ಇರುವ ಅಂತರ ಅಜಗಜದ್ದೇ.

ಇನ್ನೊಂದು ಪದ್ಧತಿ. ನಿಂತ ಜಾಗದ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿದರೆ ಅದು ನಿಮ್ಮದು. ಆಮೇಲೆ ಹೊರಗೆ ಹೋಗಿ ತಿಂದು ಬನ್ನಿ, ಯಾರೂ ಮುಟ್ಟುವುದಿಲ್ಲ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದು ಬೆಳೆದವನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಹೆಂಡತಿಯ ಶಾಲು ಕಟ್ಟಿದೆವು.

'ಟೋಸ್ಕಾ' ಪುಚ್ಚೀನಿಯ ಒಪೇರಾ, 1900ರಲ್ಲಿ ರೋಮಿನಲ್ಲಿ ಮೊದಲ ಬಾರಿ ಆಡಿದ್ದು. ವಿಯೆನ್ನಾದಲ್ಲಿ ನಾವು ನೋಡಿದ್ದು ಮಾರ್ಗರೇಟೆ ವಾಲ್ಮನ್ ಎಂಬ ನಿರ್ದೇಶಕಿ 1958ರಲ್ಲಿ ಕಟ್ಟಿದ ಆಟ. ಅದೇ ವಿನ್ಯಾಸದಲ್ಲಿ ಇವತ್ತಿಗೂ ನಡೆದಿದೆ, ಆರುನೂರು ಪ್ರದರ್ಶನ ದಾಟಿದೆ. ಹಾಡುವವರು ಬದಲಾಗುತ್ತಾರೆ, ಆಟ ನಿಂತಿದೆ. ಇಂಥದ್ದನ್ನು ನಂಬಲು ನಮಗೆ ಕಷ್ಟವಿಲ್ಲ, ಯಕ್ಷಗಾನದಲ್ಲಿ ಒಂದೇ ಪ್ರಸಂಗವನ್ನು ಮೂರು ತಲೆಮಾರು ನೋಡುತ್ತದೆ.

ಮೊದಲ ಅಂಕ ಮುಗಿದಾಗ ಮೊಣಕಾಲು ಮಾತಾಡಲು ಶುರುಮಾಡಿತ್ತು. ಪ್ರವಾಸಿಗಳು ಗುಂಪುಗುಂಪಾಗಿ ಎದ್ದು ಹೋದರು. ಅವರಿಗೆ ನೋಡಬೇಕಾದದ್ದು ಸಿಕ್ಕಿತ್ತು. ನಾನೂ ಹೊರಡೋಣವೆಂದೆ. ಪಕ್ಕದಲ್ಲಿದ್ದ ಸ್ಟೂಲಿನ ಅಜ್ಜಿಗೆ ನನ್ನ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದರು: ಎರಡನೆಯ ಅಂಕಕ್ಕೆ ಇರಿ. ಹೇಳಿ, ತಮ್ಮ ಸ್ಟೂಲನ್ನು ನನ್ನ ಕಡೆ ತಳ್ಳಿದರು.

ಎರಡನೆಯ ಅಂಕದಲ್ಲಿ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾನ ಕೋಣೆ. ಪಕ್ಕದ ಕೋಣೆಯಲ್ಲಿ ಪ್ರಿಯಕರನಿಗೆ ಚಿತ್ರಹಿಂಸೆ, ಇಲ್ಲಿ ಗಾಯಕಿ ಟೋಸ್ಕಾಳೊಂದಿಗೆ ಅವನ ಪ್ರಾಣದ ವ್ಯಾಪಾರ. ದಾರಿಗಾಣದೆ ಆಕೆ ದೇವರಿಗೇ ದೂರು ಹೇಳುತ್ತಾಳೆ. ಮೈಕ್ ಇಲ್ಲ. ಎರಡು ಸಾವಿರ ಜನರ ಮಂದಿರ, ಒಂದು ಕೊರಳು. ನಾನು ಪರದೆಯ ಮೇಲಿನ ಇಂಗ್ಲಿಷ್ ಓದುವುದನ್ನು ಬಿಟ್ಟೆ. ಹಾಡು ಮುಗಿದು ಅರೆಕ್ಷಣ ಏನೂ ಇರಲಿಲ್ಲ. ಆಮೇಲೆ ಮೊದಲ 'ಬ್ರಾವಾ' ಹೊರಟಿದ್ದು ಕುರ್ಚಿಗಳಿಂದಲ್ಲ, ನನ್ನ ಪಕ್ಕದಿಂದ, ಆ ಅಜ್ಜಿಯಿಂದ. ಇಡೀ ಮಂದಿರ ಆಕೆಯ ಹಿಂದೆ ಬಂತು.

ನನ್ನ ಅಪ್ಪ ನೆಲದ ಟಿಕೆಟ್ ತೆಗೆದು ಏಣಗಿ ಬಾಳಪ್ಪನವರ ನಾಟಕ ನೋಡಿದವರು. "ನೆಲದವರು ಒನ್ಸ್ ಮೋರ್ ಅಂದರೆ ಹಾಡು ಗೆದ್ದಂಗ, ಕುರ್ಚಿಯವರು ಅದರ ಮ್ಯಾಲೆ ಚಪ್ಪಾಳೆ ಹೊಡೀತಾರ" ಎನ್ನುತ್ತಿದ್ದರು. ಅದು ಬಡವನ ಸಮಾಧಾನದ ಮಾತು ಎಂದು ಅಂದುಕೊಂಡಿದ್ದೆ. ಅದು ರಂಗಭೂಮಿಯ ನಿಯಮ ಎಂದು ವಿಯೆನ್ನಾದಲ್ಲಿ ತಿಳಿಯಿತು. ಅಲ್ಲಿನ ಗಾಯಕರು ಹೆದರುವುದು ನಿಂತವರಿಗೆ. ಹತ್ತಾರು ವರ್ಷ ಕೇಳಿ ಕಿವಿ ಪಳಗಿದವರು ಅವರು. ಮೆಚ್ಚಿದರೆ ಮೊದಲು ಕೂಗುವವರು ಅವರು, ಮೆಚ್ಚದಿದ್ದರೆ ಮೊದಲು ಅಬ್ಬರಿಸುವವರೂ ಅವರೇ.

ಕಂಬಿ ಹಿಡಿದು ನಿಂತಿದ್ದಾಗ ನನಗೆ ನೆನಪಾದದ್ದು ಮಾತ್ರ ಅಪ್ಪನಲ್ಲ.

ಅದಕ್ಕೆ ಎರಡು ವರ್ಷ ಹಿಂದೆ ಪುಣೆಯಲ್ಲಿ ನಾನು ಸದಸ್ಯನಾಗಿರುವ ಸಂಘವೊಂದು ಯಕ್ಷಗಾನ ಏರ್ಪಡಿಸಿತ್ತು. ಮೇಳ ಊರಿನಿಂದ ಬಂದಿತ್ತು. ನಾನು ಬ್ಯಾಡ್ಜ್ ಹಾಕಿಕೊಂಡ ಸ್ವಯಂಸೇವಕ. ಪ್ರವೇಶ ಪಾಸಿನ ಮೂಲಕ, ಪಾಸು ಪುಕ್ಕಟೆ, ಹಂಚಿದ್ದು ಸದಸ್ಯರಿಗೆ. ಮೊದಲ ಎರಡು ಸಾಲು ಸೋಫಾ, ಗಣ್ಯರಿಗೆ. ಭಾಗವತರು ಪದ ಎತ್ತಿ ಒಂದು ಗಂಟೆಯಾದರೂ ಸೋಫಾಗಳು ಖಾಲಿ. ವೇಷಧಾರಿಗಳು ಖಾಲಿ ಬಟ್ಟೆಹೊದಿಕೆಯ ಎದುರು ಕುಣಿಯುತ್ತಿದ್ದರು. ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಏಳೆಂಟು ಹುಡುಗರು ಬಂದು ನಿಂತರು. ಹತ್ತಿರದ ಉಡುಪಿ ಹೋಟೆಲಿನವರು. ಕುಂದಾಪುರದ ಕಡೆಯವರಿರಬೇಕು, ಚಂಡೆಯ ಸದ್ದಿಗೆ ಒಬ್ಬನ ಬೆರಳು ಬಾಗಿಲ ಮೇಲೆ ತಾಳ ಹಾಕುತ್ತಿತ್ತು. ಪಾಸು ಇರಲಿಲ್ಲ. "ಇಲ್ಲಿ ನಿಲ್ಲಂಗಿಲ್ರಪಾ, ದಾರಿಗೆ ಅಡ್ಡ ಆಗ್ತದ" ಎಂದು ಹೇಳಿ ಕಳಿಸಿದವನು ನಾನು. ಅವರು ವಾದಿಸಲಿಲ್ಲ. "ಆಯ್ತು ಸರ್" ಎಂದು ಹೋದರು. ಗಣ್ಯರು ಒಂಬತ್ತಕ್ಕೆ ಬಂದರು, ಹಾರ ಹಾಕಿಸಿಕೊಳ್ಳಲು ಆಟ ನಿಲ್ಲಿಸಿದರು, ಒಂಬತ್ತೂವರೆಗೆ ಹೋದರು.

ಆ ರಾತ್ರಿ ಆ ಮಂದಿರದಲ್ಲಿ ಯಕ್ಷಗಾನ ಬಲ್ಲವರು ಯಾರಾದರೂ ಇದ್ದರೆ ಅದು ಆ ಹುಡುಗರು. ನಮ್ಮಲ್ಲಿ ಅರ್ಧಕ್ಕರ್ಧ ಜನ ಧಾರವಾಡ, ವಿಜಯಪುರದ ಕಡೆಯವರು, ಚಂಡೆಗೂ ಮದ್ದಳೆಗೂ ವ್ಯತ್ಯಾಸ ಹೇಳಲಾರದವರು. ಬಲ್ಲವರನ್ನು ಹೊರಗೆ ಕಳಿಸಿ ಬಾರದವರಿಗೆ ಸೋಫಾ ಕಾದಿರಿಸಿದ್ದೆವು.

ನಾನು ಹೇಳಬೇಕೆಂದಿರುವ ಅಭಿಪ್ರಾಯ ಇಷ್ಟೇ: ಕಲೆಯ ಮನೆ ದೊಡ್ಡದಾಗುವುದು ಗುಮ್ಮಟದಿಂದಲ್ಲ, ಕಡಿಮೆ ಕೊಟ್ಟವನಿಗೆ ಅದು ಎಲ್ಲಿ ಜಾಗ ಕೊಡುತ್ತದೆ ಎಂಬುದರಿಂದ. ವಿಯೆನ್ನಾ ಒಪೇರಾದ ಮೆಟ್ಟಿಲು, ಚಿತ್ರ, ಚಿನ್ನದ ಲೇಪ ಮರೆತುಹೋಗುತ್ತವೆ. ಚಕ್ರವರ್ತಿಯ ಬಾಕ್ಸಿನ ಕೆಳಗಿನ ಆ ಕಂಬಿ ಮರೆಯುವುದಿಲ್ಲ. ಅದನ್ನು ನೋಡಲು ರಾತ್ರಿಯೇ ಹೋಗಬೇಕು.

ಇದಕ್ಕೆ ಬರುವ ಆಕ್ಷೇಪಗಳು ನನಗೂ ಗೊತ್ತು. ಆಸ್ಟ್ರಿಯಾದಲ್ಲಿ ಸರ್ಕಾರದ ದುಡ್ಡು ಒಪೇರಾಕ್ಕೆ ಹರಿಯುತ್ತದೆ, ನಾವು ವರ್ಗಣಿಯಲ್ಲಿ ಹಾಲ್ ಬಾಡಿಗೆ ಹೊಂದಿಸುವವರು, ಹೋಲಿಕೆ ಎಲ್ಲಿಯದು? ನಿಜ. ಆದರೆ ನಾನು ಕೇಳುತ್ತಿರುವುದಕ್ಕೆ ದುಡ್ಡು ಬೇಡ. ಇರುವ ಜಾಗವನ್ನು ಯಾರಿಗೆ ಕೊಡುತ್ತೇವೆ ಎಂಬ ಪ್ರಶ್ನೆ ಮಾತ್ರ. ಎರಡನೆಯದು, ನಮ್ಮ ಸಂಘಗಳಲ್ಲಿ ಪ್ರವೇಶವೇ ಪುಕ್ಕಟೆ, ಅದಕ್ಕಿಂತ ಉದಾರ ಯಾವುದು? ಇಲ್ಲಿ ನನ್ನ ಅನುಭವ ಬೇರೆ. ಪುಕ್ಕಟೆ ಪಾಸು ಸಿಗುವುದು ಪರಿಚಯ ಇದ್ದವರಿಗೆ. ಹೋಟೆಲಿನ ಹುಡುಗನಿಗೆ ಸಂಘದ ಕಾರ್ಯದರ್ಶಿ ಗೊತ್ತಿರುವುದಿಲ್ಲ. ಐವತ್ತು ರೂಪಾಯಿ ಇಟ್ಟು ಕೌಂಟರಿನಲ್ಲಿ ಮಾರಿದ ಟಿಕೆಟ್ ಯಾರ ಪರಿಚಯವನ್ನೂ ಕೇಳುವುದಿಲ್ಲ. ಮೂರನೆಯದು, ವಯಸ್ಸಾದವರು ಮೂರು ಗಂಟೆ ನಿಲ್ಲುವುದೆಂತು? ನನ್ನ ಮೊಣಕಾಲು ಈ ಆಕ್ಷೇಪವನ್ನು ಪೂರ್ತಿ ಒಪ್ಪುತ್ತದೆ. ನಿಲ್ಲಿಸಲೇಬೇಕೆಂದಿಲ್ಲ, ನೆಲಕ್ಕೆ ಜಮಖಾನೆ ಹಾಸಿ. ಮುಖ್ಯವಾದದ್ದು ಜಾಗ ನಡುವೆ ಇರುವುದು.

ಇದು ಪರದೇಶದ ಪಾಠವೂ ಅಲ್ಲ. ಹೆಂಡತಿ ನೆನಪಿಸಿದ ಸವಾಯಿ ಗಂಧರ್ವ ಉತ್ಸವವನ್ನು ಪುಣೆಯಲ್ಲಿ 1953ರಲ್ಲಿ ಶುರುಮಾಡಿದವರು ಗದಗಿನ ಭೀಮಸೇನ ಜೋಶಿ, ಕುಂದಗೋಳದ ತಮ್ಮ ಗುರುವಿನ ನೆನಪಿಗೆ. ಡಿಸೆಂಬರಿನ ಚಳಿಯಲ್ಲಿ ಚಾಪೆ, ಹೊದಿಕೆ, ಡಬ್ಬಿ ಹಿಡಿದು ಬಂದು ನೆಲದ ಮೇಲೆ ಕೂರುವ ಸಾವಿರಾರು ಜನರಿಂದಲೇ ಅದು ಅಷ್ಟು ದೊಡ್ಡದಾಗಿದೆ. ಅಲ್ಲಿಯೂ ದುಬಾರಿ ಕುರ್ಚಿಗಳಿವೆ. ಆದರೆ 'ವಾಹ್' ಏಳುವುದು ಬೈಠಕ್ಕಿನಿಂದ. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರು, ತಡವಾಗಿ ಬಂದವರಿಗೆ ಬಾಗಿಲು ಇಲ್ಲ, ಅವರು ಯಾರೇ ಇರಲಿ. ವಿಯೆನ್ನಾದಲ್ಲಿ ನೂರು ವರ್ಷಗಳಿಗೂ ಹಿಂದೆ, 1897ರಿಂದ 1907ರವರೆಗೆ ಒಪೇರಾದ ನಿರ್ದೇಶಕನಾಗಿದ್ದ ಗುಸ್ತಾವ್ ಮಾಹ್ಲರ್ ತಂದ ಶಿಸ್ತೂ ಇದೇ: ಆಟದ ಹೊತ್ತಿನಲ್ಲಿ ಮಂದಿರದ ದೀಪ ತಗ್ಗಬೇಕು, ತಡವಾಗಿ ಬಂದವರು ಕಾಯಬೇಕು, ದುಡ್ಡು ಕೊಟ್ಟು ಚಪ್ಪಾಳೆ ಹೊಡೆಸುವುದು ನಿಲ್ಲಬೇಕು. ಊರಿನ ದೊಡ್ಡವರಿಗೆ ಸಿಟ್ಟು ಬಂತು. ಆಮೇಲೆ ಅದೇ ರೂಢಿಯಾಯಿತು.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಸಂಘಗಳನ್ನು ನಡೆಸುವವರಲ್ಲಿ ಹಲವರು ಇದನ್ನು ಓದುತ್ತಿದ್ದೀರಿ. ಮುಂದಿನ ನಾಟಕಕ್ಕೆ, ಮುಂದಿನ ಆಟಕ್ಕೆ ಮೂರು ಕೆಲಸ ಮಾಡಿ ನೋಡಿ. ಮಂದಿರದ ನಡುವೆ ಎರಡು ಸಾಲು ತೆಗೆದಿಟ್ಟು ಅಂದೇ ಸಂಜೆ, ಕೌಂಟರಿನಲ್ಲಿ, ಅತಿ ಕಡಿಮೆ ದರಕ್ಕೆ, ಒಬ್ಬರಿಗೆ ಒಂದರಂತೆ ಮಾರಿ. ಹಾರ ತುರಾಯಿ ಏನಿದ್ದರೂ ಆಟಕ್ಕೆ ಮೊದಲು ಮುಗಿಸಿ. ಹೇಳಿದ ಹೊತ್ತಿಗೆ ಖಾಲಿ ಇರುವ ಗಣ್ಯರ ಕುರ್ಚಿಗಳನ್ನು ಬಾಗಿಲಲ್ಲಿ ನಿಂತವರಿಗೆ ಬಿಟ್ಟುಕೊಡಿ.

ನಮ್ಮ ಸಂಘದಲ್ಲಿ ಇದನ್ನು ನಾನು ಪ್ರಸ್ತಾಪಿಸಿದೆ. ಖಜಾಂಚಿಯವರು ಟಿಕೆಟ್ಟಿಗೆ ಒಪ್ಪಿದರು, ಅಧ್ಯಕ್ಷರು ಸೋಫಾ ತೆಗೆಯಲು ಒಪ್ಪಲಿಲ್ಲ. ಕಡೆಗೆ ಎರಡು ಸಾಲು ಸೋಫಾ ಒಂದು ಸಾಲಾಯಿತು, ಹಿಂದಿನ ಸಾಲು ಕೌಂಟರಿಗೆ ಬಂತು. ಅರ್ಧ ಗೆಲುವು. ಆ ಹೋಟೆಲಿಗೆ ನಾನೇ ಹೋಗಿ ಹೇಳಿ ಬಂದೆ. ಹಳೆಯ ಹುಡುಗರು ಊರಿಗೆ ಮರಳಿದ್ದರು. ಹೊಸಬರು ನಾಲ್ಕು ಜನ ಬಂದರು, ದುಡ್ಡು ಕೊಟ್ಟರು, ಕೊನೆಯ ಮಂಗಳದವರೆಗೂ ಕೂತರು. ಮೊದಲಿನವರಿಗೆ ನಾನು ಹೇಳಿದ ಮಾತು ಅದರಿಂದ ಅಳಿಸಲಿಲ್ಲ.

ಹೋದ ತಿಂಗಳು ಬ್ಯಾಂಕಿನ ಹಳೆಯ ಗೆಳೆಯರೊಬ್ಬರು ಯುರೋಪಿಗೆ ಹೊರಟರು. ವಿಯೆನ್ನಾದಲ್ಲಿ ಏನು ನೋಡಬೇಕು ಎಂದು ಕೇಳಿದರು. ಒಪೇರಾ ಮುಂದೆ ಫೋಟೋ ಖಂಡಿತ ತೆಗೆಸಿಕೊಳ್ಳಿ, ಅದಕ್ಕೆ ಐದು ನಿಮಿಷ ಸಾಕು ಎಂದೆ. ಆಮೇಲೆ ಸಂಜೆ ನಿಲ್ಲುವ ಟಿಕೆಟ್ ತೆಗೆಯಿರಿ, ಮೆತ್ತನೆಯ ಬೂಟು ಹಾಕಿಕೊಳ್ಳಿ, ಮೊದಲ ಅಂಕಕ್ಕೆ ಎದ್ದು ಬರಬೇಡಿ.

"ನಿಂತು ನೋಡೂದಾ?" ಎಂದರು.

"ಹೂಂ, ರಾಜನ ಕೆಳಗೆ" ಎಂದೆ.